ಟೀವಿಗೆ ಹೊರಟ ಆಸ್ಟಿನ್

ದೇಪರಾಜ ಅರಸರು ಮೀಸೆ ತಿದ್ದಿಕೊಳ್ಳಲು ಕನ್ನಡಿ ಹುಡುಕುತ್ತಿರಲಿಲ್ಲ. ಉಜ್ಜಿ ಉಜ್ಜಿ ಹೊಳೆಯಿಸಿದ ಅವರ ಕರೀ ಆಸ್ಟಿನ್ ಕಾರಿನ ಬಾಗಿಲೇ ಸಾಕಾಗಿತ್ತು. ಹಳೇ ಮೈಸೂರಿನ ಬೀದಿಗಳ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲು ಟೀವಿಯವರು ಹಳೇ ಕಾರುಗಳ ಕ್ಲಬ್ಬಿಗೆ ಬಂದಾಗ ಅರಸರ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಚಿತ್ರೀಕರಣದ ದಿನ ಕ್ಲಬ್ಬಿನ ಹೊಸ ಟೀ ಶರ್ಟು ತೊಟ್ಟು, ಹಳದಿ ಬಟ್ಟೆ ಹಿಡಿದು, ಕ್ಯಾಮೆರಾದ ಪಕ್ಕದಲ್ಲೇ ಠಿಕಾಣಿ ಹೂಡಿದರು. ಒಂದೊಂದು ಶಾಟ್ ಮುಗಿದಾಗಲೂ ಓಡಿಹೋಗಿ ಕಾರು ಒರೆಸಿ ಬಂದರು.

"ಸಾಕು ಬಿಡಿ ಅರಸು, ಅದರ ಚರ್ಮ ಕಿತ್ತುಬಂದೀತು," ಎಂದು ಕ್ಲಬ್ಬಿನ ಇನ್ನೊಬ್ಬ ಸದಸ್ಯ ಗರುಡಾಚಾರ್ಯರು ನಕ್ಕರು. ಅವರ ಕಾರು ದಾರಿಯ ಧೂಳನ್ನೆಲ್ಲ ಹೊತ್ತುಕೊಂಡೇ ನಿಂತಿತ್ತು.

"ನನ್ನ ಕಾರು ಬಿಟ್ಟು ನಿಮ್ಮದನ್ನ ತೋರಿಸಿದ್ರೆ ಅರ್ಧ ಮೀಸೆ ಬೋಳಿಸ್ಕೋತೀನಿ, ಆಚಾರ್ರೇ!"

ಪ್ರಸಾರದ ಸಂಜೆ ಇಡೀ ಕ್ಲಬ್ಬೇ ಅರಸರ ಮನೆಯಲ್ಲಿ ನೆರೆದಿತ್ತು. ಗರುಡಾಚಾರ್ಯರ ಧೂಳು ಹಿಡಿದ ಕಾರು ಟೀವಿಯಲ್ಲಿ ಬಂತು, ಹೋಯಿತು, ಮತ್ತೆ ಬಂತು. ಆಸ್ಟಿನ್ನಿನ ಒಂದು ಚಕ್ರವೂ ಕಾಣಲಿಲ್ಲ. ಕಾರ್ಯಕ್ರಮ ಮುಗಿದಾಗ ಎಲ್ಲರ ಕಣ್ಣೂ ಅರಸರ ಮೀಸೆಯ ಮೇಲಿತ್ತು.

ಅರಸರು ಉರಿದುಬಿದ್ದು ನಿರ್ದೇಶಕನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು.

"ನನ್ನ ಕಾರಲ್ಲಿ ಏನ್ರೀ ಕೊರತೆ ಕಂಡ್ರಿ? ಎಲ್ರಿಗೂ ಕೇಳೋ ಹಾಗೆ ಹೇಳಿ!"

"ಕೊರತೆ ಏನೂ ಇಲ್ಲ ಸಾರ್. ನಮಗೆ ಬೇಕಾಗಿದ್ದದ್ದು ಮಹಾರಾಜರ ಕಾಲದ ಬೀದಿ. ಯಾವ ಶಾಟ್ ನೋಡಿದ್ರೂ ಕಾರಿನ ಬಾಗಿಲಲ್ಲಿ ನೀವೇ ಟೀ ಶರ್ಟ್ ಹಾಕ್ಕೊಂಡು, ಮೀಸೆ ತಿರುವ್ತಾ ನಿಂತಿದ್ದೀರಿ."