ಹದಿನಾರನೇ ಮನೆಯ ಮೋರಿ

“ವನಜಕ್ಕ, ನಿಮ್ಮನೆ ಮೋರಿ ಬಾಯಿಗೆ ಬಂದಂಗೆ ಕೂಗ್ತಿದೆ!” ಎಂದಳು ಪಕ್ಕದ ಮನೆಯ ಮಂಗಳಾ.

ಮಳೆನೀರಿನ ಮೋರಿಗಳಿಗೆ ಮಾತು ಬಂದ ಮೇಲೆ, ಕೆರೆಗೆ ಸೇರಬಾರದ್ದನ್ನು ಸುರಿದವರ ಮಾನ ಬೀದಿಯಲ್ಲೇ ಹೋಗುತ್ತಿತ್ತು. ಅವತ್ತೇ ಕೆರೆ ಸಂಘದ ಚುನಾವಣೆ; ವನಜಮ್ಮ ಅಧ್ಯಕ್ಷಗಿರಿಗೆ ನಿಂತಿದ್ದರು.

“ಹದಿನಾರನೇ ಮನೆ! ಸ್ಕೂಟರಿನ ಹಳೇ ಆಯಿಲ್! ಥೂ!” ಎಂದಿತು ಮೋರಿ.

“ಅರ್ಧ ಲೋಟ ಅಷ್ಟೇ ಕಣೇ,” ಎಂದು ಗಂಡ ತಲೆ ಕೆರೆದುಕೊಂಡರು.

ವನಜಮ್ಮ ಮೋರಿಯೆದುರು ಕುಕ್ಕರಗಾಲಲ್ಲಿ ಕೂತರು. “ಓಟು ಮುಗಿಯೋವರೆಗೆ ಸುಮ್ನಿರಪ್ಪ, ನಿನ್ನ ದಮ್ಮಯ್ಯ.”

“ಮೋಡ ನೋಡಮ್ಮ. ಮಳೆ ಬಂದ್ರೆ ನನ್ನ ಕೈಲಿ ತಡಿಯೋಕಾಗಲ್ಲ, ಸೀದಾ ಕೆರೆಗೇ.”

ವನಜಮ್ಮ ಒಂದು ಗಳಿಗೆ ಯೋಚಿಸಿ, ತಮ್ಮ ನಗುಮುಖ ಅಚ್ಚಾಗಿದ್ದ ಕರಪತ್ರಗಳ ಕಟ್ಟನ್ನೇ ತಂದು, ಬೀದಿಯೆಲ್ಲ ನೋಡುತ್ತಿದ್ದಂತೆ ಆಯಿಲ್ ಒರೆಸತೊಡಗಿದರು.

ಎದುರುಮನೆಯ ಗೇಟಿನಲ್ಲಿ ನಗುತ್ತಿದ್ದ ಪ್ರತಿಸ್ಪರ್ಧಿ ಶಾಂತಪ್ಪ, ಕೈಯಲ್ಲಿದ್ದ ಸೋಪುನೀರಿನ ಬಕೆಟ್ಟನ್ನು ಮೆಲ್ಲಗೆ ಒಳಕ್ಕೆ ಒಯ್ದರು.