ವಿಠ್ಠಲವಾಡಿಯ ಹಿತ್ತಾಳೆ ಗುಂಡಿ

ಕೋಟಿನಿಂದ ಉದುರಿದ ಒಂದು ಗುಂಡಿಯ ಮೇಲೆ ಕಥೆ ಹೇಳುವ ಧೈರ್ಯ ಮಾಡಿದ್ದಕ್ಕೆ ಓದುಗರು ಕ್ಷಮಿಸಬೇಕು. ಭಾಗೀರಥಿ ಹುಣಸೆಹುಳಿ ಹಚ್ಚಿ ಆ ಹಿತ್ತಾಳೆ ಗುಂಡಿಯನ್ನು ತಿಕ್ಕಲು ಹೊರಟಾಗ ಮಗಳು ಯಾಮಿನಿ ಕೈ ಹಿಡಿದುಕೊಂಡಳು.

“ಬೇಡಮ್ಮ, ಅಕ್ಷರ ಅಳಿಸಿಹೋಗ್ತದೆ.”

“ಅಪ್ಪನ ಕೋಟಿನದ್ದು ಮಾರಾಯ್ತಿ. ಮಣ್ಣು ಮೆತ್ತಿದ್ದನ್ನು ಹಾಗೇ ಫೋಟೋದ ಎದುರು ಇಡ್ಲಿಕ್ಕಾಗ್ತದಾ?”

ಮುಂಬೈ ಹತ್ತಿರದ ಕಲ್ಯಾಣದಲ್ಲಿ ರೈಲ್ವೆ ಗಾರ್ಡ್ ಆಗಿದ್ದ ಅಜ್ಜನದೆಂದು ಹೇಳಿಕೊಳ್ಳಲು ಮನೆಯಲ್ಲಿ ಆ ಫೋಟೋ ಬಿಟ್ಟರೆ ಏನೂ ಉಳಿದಿರಲಿಲ್ಲ. ಅಲ್ಲೇ ಪಕ್ಕದ ವಿಠ್ಠಲವಾಡಿಯಲ್ಲಿ ಅಜ್ಜ ಬಾಡಿಗೆಗಿದ್ದ ಸಾಲುಮನೆಗಳ ಚಾಳಿನ ಅಂಗಳದಲ್ಲಿ, ಹವ್ಯಾಸಕ್ಕೆ ಕೊಂಡ ತನ್ನ ಮೆಟಲ್ ಡಿಟೆಕ್ಟರ್ ಕೂಗಿ ಗುಂಡಿ ಸಿಕ್ಕಿದಾಗ ಅದು ಅಜ್ಜನದೇ ಆಗಿರಲಿ ಎಂಬ ಆಸೆ ಯಾಮಿನಿಗೂ ಹುಟ್ಟಿತ್ತು. ಈಗ ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಜಿ.ಐ.ಪಿ. ಎಂಬ ಇಂಗ್ಲಿಷ್ ಅಕ್ಷರಗಳು ಎದ್ದು ಕಂಡವು. ಸುಮ್ಮನಿದ್ದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಮನಸ್ಸು ಗಟ್ಟಿ ಮಾಡಿಕೊಂಡಳು.

“ಇದು ಅಜ್ಜನದ್ದಲ್ಲಮ್ಮ. ಜಿ.ಐ.ಪಿ. ಅಂದ್ರೆ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಅದು ಐವತ್ತೊಂದರಲ್ಲೇ ಹೋಗಿ ಸೆಂಟ್ರಲ್ ರೈಲ್ವೆ ಆಯ್ತು. ಅಜ್ಜ ಕೆಲಸಕ್ಕೆ ಸೇರಿದ್ದು ಅರವತ್ತೆರಡರಲ್ಲಿ, ನೀನು ಹುಟ್ಟಿದ ವರ್ಷ.”

“ಯಾರದ್ದೋ ಹಳೇ ಕೋಟು ಕೊಟ್ಟಿರಬಹುದಲ್ಲ?”

“ಕೊಟ್ಟಿರಬಹುದು. ಗೊತ್ತಿಲ್ಲದೆ ಹೌದು ಅಂತ ನಾನು ಹೇಳುವುದಿಲ್ಲ.”

ಭಾಗೀರಥಿ ಗುಂಡಿಯನ್ನು ಸೆರಗಿನಲ್ಲಿ ಒತ್ತಿ ಒರೆಸಿ, ಫೋಟೋದ ಎದುರೇ ಇಟ್ಟರು.

“ಈ ಗುಂಡಿಯ ಕೋಟು ಹಾಕಿದವನ ಫೋಟೋ ಯಾರ ಮನೆಯಲ್ಲಾದ್ರೂ ಉಂಟೋ ಇಲ್ಲವೋ. ಇಲ್ಲೇ ಇರಲಿ, ಅಪ್ಪನಿಗೂ ಒಂದು ಜೊತೆಯಾಯ್ತು.”

ಅವನು ಗಾರ್ಡನೋ ಪೋರ್ಟರನೋ, ಗುಂಡಿ ಆ ಅಂಗಳಕ್ಕೆ ಹೇಗೆ ಬಂತೋ, ಯಾಮಿನಿಗೆ ಇನ್ನೂ ಗೊತ್ತಾಗಿಲ್ಲ.