ಆರು ತೇಪೆ

ದೋಣಿ ಕ್ರೇನಿನಲ್ಲಿ ತೂಗಾಡುತ್ತಿರುವಾಗಲೇ ಕೆಂಪು ಬಣ್ಣ ಮುಗಿದುಹೋಯಿತು. ಟೈಲರು ಡಬ್ಬಿಯನ್ನು ಬೋರಲು ಹಾಕಿ ತಟ್ಟಿದರು, ಬ್ರಷ್ಷಿನಿಂದ ತಳ ಕೆರೆದರು, ಕೊನೆಗೆ ಒಳಗೆ ಇಣುಕಿಯೂ ನೋಡಿದರು. ಇಣುಕಿದರೆ ಬಣ್ಣವೇನು ಹುಟ್ಟುತ್ತದೆಯೇ?

"ಅಂಗಡಿಯವನು ಮೂರು ಡಬ್ಬಿ ಬೇಕು ಅಂದಿದ್ದ ತಾನೇ?" ಎಂದಳು ಹೆಂಡತಿ.

"ಅಂದಿದ್ದ."

"ನೀವು ಎಷ್ಟು ತಂದ್ರಿ?"

ಬಾಯಿಬಿಟ್ಟರೆ ಬಣ್ಣಗೇಡು ಎಂದು ಟೈಲರು ಖಾಲಿ ಡಬ್ಬಿಗೆ ಮುಚ್ಚಳ ಹಾಕಿದರು. ಮೂವತ್ತು ವರ್ಷದಿಂದ ಅವರು ಎರಡು ಮೀಟರಿನ ಅಂಗಿಗೆ ಎರಡೂಕಾಲು ಮೀಟರು ಬಟ್ಟೆ ತನ್ನಿ ಎಂದು ಹೇಳಿ, ಉಳಿದ ಕಾಲು ಮೀಟರಿನಲ್ಲಿ ಇನ್ನೊಬ್ಬರ ಜೇಬು, ಕಾಲರು ಹೊಂದಿಸಿಕೊಂಡು ಬಂದವರು. ಹಾಗಾಗಿ ಅಂಗಡಿಯವನು ಮೂರು ಅಂದರೆ ಎರಡು ಸಾಕು ಎಂದೇ ಅರ್ಥ ಮಾಡಿಕೊಂಡಿದ್ದರು. ತಾ ಕಳ್ಳ, ಪರರ ನಂಬ.

ಮರುದಿನ ಬೆಳಿಗ್ಗೆ ಪಟದೋಣಿಗಳ ಪಂದ್ಯ. ಏಳು ವರ್ಷದಿಂದ ಟೈಲರದ್ದೇ ಕೊನೆಯ ದೋಣಿ. ಪಟ ಅವರೇ ಹೊಲಿದದ್ದು, ಅದಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ತೊಂದರೆಯೆಲ್ಲ ತಳದಲ್ಲಿ. ಪಾಚಿ, ಕಲ್ಲಿನಂಥ ಚಿಪ್ಪು ಎಲ್ಲ ಕೂತು ಕೂತು ದೋಣಿ ಬ್ರೇಕು ಹಿಡಿದ ಹಾಗೆ ಓಡುತ್ತಿತ್ತು. "ಈ ಸಲವೂ ಕೊನೆ ಬಂದ್ರೆ ಮಾರಿಬಿಡ್ತೀನಿ" ಎಂದು ನಾಲ್ಕು ಜನರ ಮುಂದೆ ಟೈಲರು ಅಂದುಬಿಟ್ಟಿದ್ದರು. ಅಂದ ರಾತ್ರಿಯೇ ಎದ್ದು ಹೋಗಿ ದೋಣಿಯ ಮೈ ಸವರಿ ಬಂದಿದ್ದರು, ಆದರೆ ಆಡಿದ ಮಾತು ನುಂಗುವುದು ಹೇಗೆ? ಹೆಂಡತಿಯ ತಮ್ಮನಂತೂ ಆಗಲೇ ಬಂದು, ಪಟ ತನ್ನ ದೋಣಿಗೆ ಹೊಂದುತ್ತದೆಯೇ ಎಂದು ಅಳೆದುಕೊಂಡು ಹೋಗಿದ್ದ. ಅದೂ ಟೈಲರ ಟೇಪಿನಲ್ಲೇ ಅಳೆದು, ಟೇಪನ್ನೂ ಜೇಬಿಗೆ ಹಾಕಿಕೊಂಡು! ಪ್ರತಿವರ್ಷ ಅವನು ಬರುತ್ತಿದ್ದದ್ದು ಕೊನೆಯಿಂದ ಎರಡನೆಯವನಾಗಿ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ.

ಅದಕ್ಕೇ ಈ ಸಲ ಬಣ್ಣ ಆರಿಸಲು ಹೆಂಡತಿಯೇ ಜೊತೆಗೆ ಹೊರಟಿದ್ದಳು. "ಗಟ್ಟಿ ನಿಲ್ಲೋ ಬಣ್ಣ ಬೇಕಾ, ಸವೆಯೋ ಬಣ್ಣ ಬೇಕಾ?" ಎಂದು ಅಂಗಡಿಯವನು ಕೇಳಿದಾಗ ಟೈಲರು ನಕ್ಕಿದ್ದರು. ಸವೆಯುವುದನ್ನು ಯಾರಾದರೂ ಕೇಳಿ ಪಡೆಯುತ್ತಾರೆಯೇ? ಆದರೆ ಅಂಗಡಿಯವನು ಬಿಡಿಸಿ ಹೇಳಿದ: ದೋಣಿ ಓಡಿದಷ್ಟೂ ಅದು ಸೋಪಿನ ಹಾಗೆ ತೆಳ್ಳಗೆ ಸವೆಯುತ್ತದೆ, ಅಂಟಿಕೊಳ್ಳಲು ಬಂದದ್ದೆಲ್ಲ ಅದರ ಜೊತೆಗೇ ಉದುರುತ್ತದೆ.

"ಇದೇ ಕೊಡಿ. ಕೆಂಪು," ಎಂದಿದ್ದಳು ಹೆಂಡತಿ.

"ಕಪ್ಪು ಸಾಕು ಕಣೆ. ನೀರಿನೊಳಗೆ ಇರೋದನ್ನ ಯಾರು ನೋಡ್ತಾರೆ? ಕೋಟಿನ ಒಳಗಿನ ಲೈನಿಂಗಿಗೆ ಯಾರಾದ್ರೂ ಬಣ್ಣ ಆರಿಸ್ತಾರಾ?"

"ನಾನು ಆರಿಸ್ತೀನಿ," ಎಂದು ಮಾತು ಮುಗಿಸಿದ್ದಳು. ಹಲ್ಲಿನ ಆಸ್ಪತ್ರೆಯ ನರ್ಸ್ ಆಕೆ. ಮುಖಕ್ಕೆ ಮಾಸ್ಕು ಕಟ್ಟಿ, ಒಂದು ವಾರ ದಿನಾ ಸಂಜೆ ಆ ಚಿಪ್ಪುಗಳನ್ನು ಒಂದೊಂದಾಗಿ ಕೆರೆದು ಎಬ್ಬಿಸಿದಳು. ದೋಣಿಗೆ "ಬಾಯಿ ತೆಗೀರಿ" ಅನ್ನುವುದೊಂದೇ ಬಾಕಿ ಇತ್ತು.

ಆಮೇಲೆ ಇಬ್ಬರೂ ಸೇರಿ ಎರಡು ಸಲ ಬಣ್ಣ ಬಳಿದರು. ಉಳಿದದ್ದು ಆರೇ ಜಾಗ. ನೆಲದ ಮೇಲಿದ್ದಾಗ ದೋಣಿಯನ್ನು ಆ ಕಡೆ ಮೂರು, ಈ ಕಡೆ ಮೂರು ಕಬ್ಬಿಣದ ಆಸರೆಗಳು ಹಿಡಿದು ನಿಲ್ಲಿಸಿರುತ್ತವೆ. ಅವು ಒತ್ತಿದ್ದ ಕಡೆ ಬ್ರಷ್ಷು ಹೋಗುವುದಿಲ್ಲ. ಕ್ರೇನು ಎತ್ತಿದ ಮೇಲೆಯೇ ಅಲ್ಲಿಗೆ ಬಳಿಯಬೇಕು. ಬಿಟ್ಟರೆ ಚಿಪ್ಪಿನ ಸಂಸಾರ ಹೂಡಲು ಅಷ್ಟು ಜಾಗ ಧಾರಾಳ.

"ನಾನು ಊಟ ಮುಗಿಸಿ ಬರೋವರೆಗೆ ದೋಣಿ ಮೇಲೇ ಇರ್ಲಿ, ಅಷ್ಟರೊಳಗೆ ಬಳಿದು ಒಣಗಿಸ್ಕೊಳ್ಳಿ," ಎಂದಿದ್ದ ಕ್ರೇನಿನವನು. ಈಗ ಟೈಲರ ಮುಖ ನೋಡಿ ಅವನಿಗೇ ಪಾಪ ಅನ್ನಿಸಿತೋ ಏನೋ, ಬೇರೆ ಯಾರದೋ ದೋಣಿಗೆ ಬಳಿದು ಮಿಕ್ಕಿದ್ದ ಸವೆಯುವ ಬಣ್ಣದ ಡಬ್ಬಿಯೊಂದನ್ನು ಹುಡುಕಿ ತಂದುಕೊಟ್ಟ. ತರಹ ಅದೇ, ಆದರೆ ಬಣ್ಣ ಕಪ್ಪು.

ಕೆಂಪು ಹೊಟ್ಟೆಗೆ ಆರು ಕಪ್ಪು ಚೌಕ ಬಿತ್ತು. ದೂರದಿಂದಲೇ ಅದನ್ನು ಕಂಡ ಭಾವಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಭಾವ, ದೋಣಿಗೂ ತೇಪೆ ಹಾಕೋಕೆ ಶುರು ಮಾಡಿದ್ರಾ?"

"ನೀರಿನೊಳಗೆ ಇರೋದನ್ನ ಯಾರು ನೋಡ್ತಾರೆ, ಹೋಗೋ!" ಎಂದರು ಟೈಲರು. ಆದರೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಮರುದಿನ ಗಾಳಿ ಜೋರಾಗಿಯೇ ಬೀಸಿತು. ದೋಣಿ ಬಲಕ್ಕೆ ವಾಲಿಕೊಂಡು ಎಡಹೊಟ್ಟೆಯನ್ನು ಬಿಸಿಲಿಗೆ ಎತ್ತಿಕೊಂಡೇ ಓಡಿತು. ಚುಕ್ಕಾಣಿ ಹೆಂಡತಿಯ ಕೈಯಲ್ಲಿತ್ತು. ಟೈಲರು ಪಟದ ಹಗ್ಗ ಬಿಗಿಹಿಡಿದು ಮುಂದಕ್ಕಷ್ಟೇ ನೋಡುತ್ತ ಕೂತರು. ಮುಂದೆ ಬೇಕಾದಷ್ಟು ದೋಣಿಗಳಿದ್ದವು. ಹಿಂದೆ ತಿರುಗಲು ಮಾತ್ರ ಧೈರ್ಯ ಬರಲಿಲ್ಲ. ಏಳು ವರ್ಷದಲ್ಲಿ ತಿರುಗಿ ನೋಡಿದಾಗಲೆಲ್ಲ ಕಂಡದ್ದು ಬರೀ ನೀರು. ಹೆಂಡತಿ ಎರಡು ಸಲ ತಿರುಗಿ ನೋಡಿದಳು, ತುಟಿ ಕಚ್ಚಿಕೊಂಡು ಚುಕ್ಕಾಣಿಯ ಕಡೆ ತಿರುಗಿದಳು. ಅಳು ತಡೆದುಕೊಂಡಳು ಎಂದೇ ಟೈಲರು ತಿಳಿದರು.

ದಡ ಸೇರಿ, ತಲೆ ಎತ್ತದೆ ಪಟ ಮಡಿಸತೊಡಗಿದರು. ಇನ್ನು ಇದನ್ನು ಮತ್ತೆ ಬಿಚ್ಚುವುದು ಯಾರೋ ಎಂದುಕೊಳ್ಳುವಷ್ಟರಲ್ಲಿ ಭಾವಮೈದ ಎದುರಿಗೆ ಬಂದು ನಿಂತ. ಮೈಯೆಲ್ಲ ಒದ್ದೆ, ಮುಖ ಹುಳ್ಳಗೆ. ಜೇಬಿನಿಂದ ಟೇಪು ತೆಗೆದು ಟೈಲರ ಕೈಗೆ ತುರುಕಿದ.

"ಮೂವತ್ತು ವರ್ಷ ಹೊಲಿದ ಕೈಯಾ ಭಾವ ಇದು? ಎಡಗಡೆ ಮೂರನೇ ತೇಪೆ ಸೊಟ್ಟಗಿದೆ. ಬೆಳಗಿಂದ ಅದೊಂದನ್ನೇ ನೋಡಿ ನೋಡಿ ಕಣ್ಣು ನೋವು ಬಂತು!"